ಸ್ಟ್ರೋಕ್ ಆದ ಮೇಲೆ ಪುನಶ್ಚೇತನ ಕೇಂದ್ರ: ಆರೈಕೆ ಚೆನ್ನಾಗಿದೆಯಾ ಅಂತ ಅಳೆಯೋದು ಹೇಗೆ?

ಹೊರನಾಡು_ಕಾವೇರಿ:
ಎಲ್ಲರಿಗೂ ನಮಸ್ಕಾರ. ವಿಷಯ ಇಷ್ಟು. 74 ವರ್ಷದ ಹಿರಿಯರು, ಮಿದುಳಿನ ಎಡಭಾಗದಲ್ಲಿ ಸ್ಟ್ರೋಕ್. ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ನಿಂತಿದೆ. ಮೂಗಿನಿಂದ ಹೊಟ್ಟೆಗೆ ಆಹಾರ ಕೊಡುವ ರೈಲ್ಸ್ ಟ್ಯೂಬ್, ಯೂರಿನ್‌ಗೆ ಕ್ಯಾಥೆಟರ್, ಶುಗರ್‌ಗೆ ಇನ್ಸುಲಿನ್. ಆಸ್ಪತ್ರೆಯಿಂದ ಬಿಡುಗಡೆ ಆದ ಮೇಲೆ ಬೆಂಗಳೂರಿನ ಪುನಶ್ಚೇತನ ಕೇಂದ್ರವೊಂದಕ್ಕೆ ಸೇರಿಸಬೇಕು. ಎರಡು ಜಾಗ ಕಣ್ಣ ಮುಂದಿವೆ. ಒಂದರಲ್ಲಿ ನಡಿಗೆ ಕಲಿಸುವ ರೋಬೋಟ್ ಯಂತ್ರ, ಹೋಟೆಲಿನಂಥ ಕೋಣೆ. ಇನ್ನೊಂದು ಸಾಧಾರಣ ಕಟ್ಟಡ, ಯಂತ್ರಗಳು ಕಡಿಮೆ. ಅಮೆರಿಕದಲ್ಲಾದರೆ ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆಯವರು ನರ್ಸಿಂಗ್ ಹೋಮ್‌ಗಳಿಗೆ ಒಂದರಿಂದ ಐದು ನಕ್ಷತ್ರ ಕೊಟ್ಟು ಪ್ರಕಟಿಸುತ್ತಾರೆ. ಅಂಥದ್ದು ಇಲ್ಲದ ಕಡೆ ಏನನ್ನು ನೋಡಿ ತೀರ್ಮಾನಿಸಬೇಕು? ಗೂಗಲ್ ರಿವ್ಯೂ ಓದಿ ಸಾಕಾಗಿದೆ. ಒಳಗಿನ ಕೆಲಸ ಬಲ್ಲವರು ಹೇಳಿ.

ರಾತ್ರಿಪಾಳಿ:
ನಕ್ಷತ್ರದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಆ ಪದ್ಧತಿ 2008ರಲ್ಲಿ ಶುರುವಾಯಿತು. ಅದಕ್ಕೆ ಮೂರು ಆಧಾರ: ಸರ್ಕಾರಿ ತಪಾಸಣೆ, ಸಿಬ್ಬಂದಿ ಪ್ರಮಾಣ, ಗುಣಮಟ್ಟದ ಅಳತೆಗಳು. ಸಿಬ್ಬಂದಿ ಲೆಕ್ಕವನ್ನು ಮೊದಲು ಕೇಂದ್ರಗಳೇ ಬರೆದುಕೊಡುತ್ತಿದ್ದವು, 2018ರಿಂದ ಸಂಬಳದ ದಾಖಲೆಯಿಂದ ತೆಗೆಯುತ್ತಾರೆ. ಕೇಂದ್ರ ತಾನೇ ಬರೆದುಕೊಂಡ ಲೆಕ್ಕವನ್ನು ಹಾಗೇ ನಂಬಲಾಗದು ಅಂತ ಅವರಿಗೂ ಗೊತ್ತಾಯಿತು. ಇಲ್ಲೂ ಅದೇ ಸೂತ್ರ ಹಿಡಿಯಿರಿ: ಫೈಲ್‌ನಲ್ಲಿ ಬರೆದದ್ದು ರೋಗಿಯ ಮೈಯಲ್ಲಿ ಕಾಣುತ್ತಿದೆಯಾ?

ಇದನ್ನು ನೋಡಲು ಮಗ್ಗುಲು ಬದಲಿಸುವ ಚಾರ್ಟ್‌ಗಿಂತ ಒಳ್ಳೆಯ ಜಾಗ ಇಲ್ಲ. ಸ್ವಾಧೀನವಿಲ್ಲದ ರೋಗಿಯನ್ನು ಹಾಸಿಗೆಯಲ್ಲಿ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮಧ್ಯಾಹ್ನ 12 ಗಂಟೆಗೆ ಹೋಗಿ ಚಾರ್ಟ್ ಕೇಳಿ. ಸಂಜೆ 6ರವರೆಗಿನ ಸಹಿ ಆಗಲೇ ಬಿದ್ದಿದ್ದರೆ ಹೇಳುವುದೇನೂ ಉಳಿದಿಲ್ಲ. 'ಎಡ ಮಗ್ಗುಲು' ಅಂತ ಬರೆದಿದ್ದು ರೋಗಿ ಅಂಗಾತ ಮಲಗಿದ್ದರೂ ಅಷ್ಟೇ. ಇಡೀ ದಿನದ ಸಹಿ ಒಂದೇ ಪೆನ್ನು, ಒಂದೇ ಓರೆಯಲ್ಲಿ ಇದ್ದರೆ ಒಟ್ಟಿಗೆ ಕೂತು ತುಂಬಿದ್ದಾರೆ.

ಆಮೇಲೆ ಚರ್ಮ. ಸೊಂಟದ ಕೆಳಗಿನ ತ್ರಿಕಾಸ್ಥಿ, ಎರಡೂ ಹಿಮ್ಮಡಿ, ಪಕ್ಕದ ಸೊಂಟದ ಮೂಳೆ, ಕಿವಿಯ ಹಿಂದೆ, ತಲೆಯ ಹಿಂಭಾಗ ನೋಡಿ. ಕೆಂಪಗಾದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗದೆ ಹಾಗೇ ಕೆಂಪಗೆ ಉಳಿದರೆ ಅದು ಒತ್ತಡದ ಹುಣ್ಣಿನ ಮೊದಲ ಹಂತ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಸುತ್ತಲಿನ ಚರ್ಮಕ್ಕಿಂತ ಬಿಸಿ ಅಥವಾ ತಣ್ಣಗಿದೆಯಾ, ಗಟ್ಟಿಯಾಗಿದೆಯಾ ಅಥವಾ ಮೆತ್ತಗಾಗಿದೆಯಾ ಅಂತ ಅಂಗೈಯಿಂದ ಮುಟ್ಟಿ ನೋಡಬೇಕು. ಆ ಜಾಗವನ್ನು ತಿಕ್ಕಿ ಮಾಲೀಷು ಮಾಡುವುದು, ಟ್ಯೂಬಿನ ಥರದ ರಿಂಗ್ ದಿಂಬು ಕೊಡುವುದು ಎರಡೂ ತಪ್ಪು. ತಿಕ್ಕಿದರೆ ಒಳಗಿನ ಸಣ್ಣ ರಕ್ತನಾಳ ಒಡೆಯುತ್ತವೆ, ರಿಂಗ್ ಸುತ್ತಲಿನ ರಕ್ತ ಸಂಚಾರ ತಡೆಯುತ್ತದೆ.

ಸೇರಿಸುವ ದಿನವೇ ತಲೆಯಿಂದ ಕಾಲಿನವರೆಗೆ ಚರ್ಮ ನೋಡಿ ಬರೆದುಕೊಳ್ಳುತ್ತಾರಾ ಕೇಳಿ. ಬ್ರೇಡನ್ ಸ್ಕೋರ್ ಹಾಕಿದ್ದಾರಾ ಕೇಳಿ. ಅದು 6ರಿಂದ 23ರವರೆಗಿನ ಅಂಕ, 18 ಅಥವಾ ಕಡಿಮೆ ಬಂದರೆ ಹುಣ್ಣಾಗುವ ಅಪಾಯ ಇದೆ ಅಂತ. ಅಂಕ ಹಾಕಿದರಷ್ಟೇ ಸಾಲದು, ಅಂಕ ಕಡಿಮೆ ಬಂದ ಮೇಲೆ ಏನು ಬದಲಾಯಿಸಿದರು ಅನ್ನೋದು ಮುಖ್ಯ.

ಮಂಡ್ಯದ_ಗಾಳಿ:
ಆಲ್ಫಾ ಬೆಡ್ (ಗಾಳಿ ಹಾಸಿಗೆ) ಹಾಕಿದ್ದೀವಿ, ಮಗ್ಗುಲು ಬದಲಿಸೋ ಅಗತ್ಯ ಇಲ್ಲ ಅಂತ ಎಷ್ಟೋ ಕಡೆ ಹೇಳ್ತಾರಲ್ಲ?

ರಾತ್ರಿಪಾಳಿ:
ಅದು ಸುಳ್ಳು. ಗಾಳಿ ಹಾಸಿಗೆ ಮಗ್ಗುಲು ಬದಲಿಸುವುದಕ್ಕೆ ನೆರವು, ಅದರ ಬದಲಿ ಅಲ್ಲ. ಅದನ್ನೂ ಸರಿಯಾಗಿ ಹಾಕಿರುವವರು ಕಡಿಮೆ, ಹೀಗೆ ನೋಡಿ. ಪಂಪಿನ ಮೇಲೆ ಒತ್ತಡ ಅಥವಾ ತೂಕದ ಗುಂಡಿ ಇರುತ್ತದೆ, ರೋಗಿಯ ತೂಕಕ್ಕೆ ಹೊಂದಿಸಿದ್ದಾರಾ? ಎಲ್ಲರಿಗೂ ಕೊನೆಯ ಗಟ್ಟಿ ಮಟ್ಟಕ್ಕೆ ತಿರುಗಿಸಿ ಬಿಡುವುದು ಸಾಮಾನ್ಯ ತಪ್ಪು. ನಂತರ ಗಾಳಿ ಹಾಸಿಗೆಯ ಕೆಳಗೆ, ರೋಗಿಯ ತ್ರಿಕಾಸ್ಥಿಯ ನೇರಕ್ಕೆ, ಅಂಗೈ ಮೇಲೆ ಮಾಡಿ ಕೈ ತೂರಿಸಿ. ಮೂಳೆ ಕೈಗೆ ಒತ್ತಿದರೆ ಗಾಳಿ ಸಾಲದು, ಒಂದು ಅಂಗುಲದಷ್ಟಾದರೂ ಉಬ್ಬಿದ ಗಾಳಿ ನಡುವೆ ಸಿಗಬೇಕು. ಮಂಚದ ಸಂದಿಯಲ್ಲಿ ಕೊಳವೆ ಮಡಚಿಕೊಂಡಿರುತ್ತದೆ, ಅದನ್ನೂ ನೋಡಿ. ಹಾಸಿಗೆಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಅಂಡರ್‌ಪ್ಯಾಡು, ಅದರ ಮೇಲೆ ಮಡಿಚಿದ ಬೆಡ್‌ಶೀಟು, ಅದರ ಮೇಲೆ ಡೈಪರು. ಇಷ್ಟು ಪದರ ಹಾಕಿ ಬಿಗಿಯಾಗಿ ಸಿಕ್ಕಿಸಿದರೆ ಗಾಳಿ ಹಾಸಿಗೆ ಇದ್ದೂ ಇಲ್ಲದಂತೆ. ಒಂದೇ ಪದರ, ಸಡಿಲವಾಗಿ.

ಮಗ್ಗುಲು ಅಂದರೆ ಪೂರ್ತಿ ಪಕ್ಕಕ್ಕೆ ತಿರುಗಿಸುವುದಲ್ಲ. ಬೆನ್ನಿನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ. ಹಿಮ್ಮಡಿ ತೇಲಬೇಕು, ಅಂದರೆ ದಿಂಬು ಮೀನಖಂಡದ ಕೆಳಗೆ, ಹಿಮ್ಮಡಿಯ ಕೆಳಗಲ್ಲ. ಟ್ಯೂಬಿನಲ್ಲಿ ಆಹಾರ ಕೊಡುವಾಗ ತಲೆ ಎತ್ತಲೇಬೇಕು. ಆದರೆ ಮಂಚದ ತಲೆಭಾಗ ಎತ್ತಿ ಮೊಣಕಾಲಿನ ಭಾಗ ಎತ್ತದೆ ಬಿಟ್ಟರೆ ರೋಗಿ ಜಾರುತ್ತಾ ಹೋಗುತ್ತಾರೆ, ಚರ್ಮ ಹಾಸಿಗೆಗೆ ಅಂಟಿ ಮೂಳೆ ಮಾತ್ರ ಕೆಳಗಿಳಿಯುತ್ತದೆ. ತ್ರಿಕಾಸ್ಥಿಯ ಹುಣ್ಣು ಎಷ್ಟೋ ಸಲ ಹೀಗೆ ಶುರುವಾಗುತ್ತದೆ.

ಪಿಟಿ_ಧಾರವಾಡ:
ರಾತ್ರಿಪಾಳಿ ಸಿಸ್ಟರ್ ಹೇಳಿದ್ದು ಖರೇ ಅದ. ನಾ ವ್ಯಾಯಾಮದ ಕಡೆ ಬರ್ತೀನಿ. ಮೊದಲ ಪ್ರಶ್ನೆ ಇದೇ ಇರಲಿ: ದಿನಕ್ಕೆ ಎಷ್ಟು ನಿಮಿಷ, ಒಬ್ಬರ ಜೊತೆ ಒಬ್ಬ ಥೆರಪಿಸ್ಟ್ ಕೂತು? 'ದಿನಕ್ಕ ಎರಡು ಸೆಷನ್' ಅನ್ನೋ ಉತ್ತರ ಸಾಲಂಗಿಲ್ಲ. ಒಂದು ಸೆಷನ್ 45 ನಿಮಿಷ ಅಂತ ಹೇಳಿ, ಅದರಾಗ 20 ನಿಮಿಷ ಕರೆಂಟ್ ಹಚ್ಚಿ ಮಲಗಿಸಿ, 10 ನಿಮಿಷ ಸೈಕಲ್ ತುಳಿಸಿ, ಮತ್ತೊಂದು ರೋಗಿ ಕಡೆ ಹೋದ್ರ ಕೈಗೆ ಸಿಕ್ಕಿದ್ದು 15 ನಿಮಿಷ. ಅಮೆರಿಕದಾಗ ಪೂರ್ಣ ಪ್ರಮಾಣದ ಪುನಶ್ಚೇತನ ಆಸ್ಪತ್ರೆಗೆ ದಿನಕ್ಕ 3 ತಾಸು, ವಾರಕ್ಕ 5 ದಿನ ಅನ್ನೋದು ಅಳತೆ. ಅದರಾಗ ಫಿಸಿಯೋ, ಆಕ್ಯುಪೇಶನಲ್ (ದಿನನಿತ್ಯದ ಕೆಲಸ ಕಲಿಸೋ ಥೆರಪಿ), ಸ್ಪೀಚ್ ಎಲ್ಲಾ ಸೇರಿ. ನಮ್ಮಲ್ಲಿ ಅಷ್ಟು ಎಲ್ಲಾ ಕಡೆ ಸಿಗಲಿಕ್ಕಿಲ್ಲ, ಆದ್ರ ಕೇಳಬೇಕು. ರವಿವಾರ ಮತ್ತ ಹಬ್ಬದ ದಿನ ಏನು ಮಾಡ್ತಾರ ಅನ್ನೋದೂ ಕೇಳ್ರಿ. ಸ್ಟ್ರೋಕ್ ಆದ ಮೊದಲ ಮೂರು ತಿಂಗಳೊಳಗ ಚೇತರಿಕೆ ವೇಗ ಜಾಸ್ತಿ ಇರ್ತದ, ಆ ದಿನಗಳು ಹೋದ್ರ ಹೋದ್ವು.

ಎರಡನೇದು, ಸೇರಿದ ಎರಡು ಮೂರು ದಿನದಾಗ ಲೆಕ್ಕ ಹಾಕಿ ಬರೀತಾರಾ? ಬಾರ್ಥೆಲ್ ಇಂಡೆಕ್ಸ್ ಅಂತ ಇರ್ತದ: ಊಟ, ಸ್ನಾನ, ಬಟ್ಟೆ, ಶೌಚ, ಮಂಚದಿಂದ ಕುರ್ಚಿಗೆ, ನಡಿಗೆ, ಮೆಟ್ಟಿಲು, ಹೀಂಗ ಹತ್ತು ಕೆಲಸ, ಒಟ್ಟು 100 ಅಂಕ. ಎರಡು ವಾರಕ್ಕೊಮ್ಮೆ ಮತ್ತ ಹಾಕಬೇಕು. 'ಸುಧಾರಿಸ್ಯಾರ' ಅನ್ನೋ ಮಾತು ಬ್ಯಾಡ, ಅಂಕ ತೋರಿಸ್ರಿ ಅನ್ರಿ. ಗುರಿಯೂ ಹಂಗ ಇರಬೇಕು. 'ನಾಲ್ಕು ವಾರದಾಗ ಒಬ್ಬರ ಸಹಾಯದಿಂದ ಮಂಚದಿಂದ ಗಾಲಿಕುರ್ಚಿಗೆ ಹೋಗೋದು' ಅನ್ನೋದು ಗುರಿ. 'ಬಲ ಹೆಚ್ಚಿಸೋದು' ಅನ್ನೋದು ಗುರಿ ಅಲ್ಲ.

ಮೂರನೇದು ಬಲಭುಜ. ಇದನ್ನ ಕಣ್ಣಾರೆ ನೋಡ್ರಿ. ಸ್ವಾಧೀನ ಇಲ್ಲದ ಕೈಯ ಭಾರಕ್ಕ ಭುಜದ ಕೀಲು ಕೆಳಗ ಜಾರ್ತದ, ಭುಜದ ತುದಿ ಎಲುಬಿನ ಕೆಳಗ ಬೆರಳು ಹೋಗೋಷ್ಟು ತಗ್ಗು ಬೀಳ್ತದ. ಅಟೆಂಡರ್ ರೋಗಿನ್ನ ಎಬ್ಬಿಸುವಾಗ ಆ ಕೈ ಹಿಡಿದು ಎಳೀತಾನಾ, ಕಂಕುಳಾಗ ಕೈ ಹಾಕಿ ಎತ್ತಾನಾ? ಎರಡೂ ಮಾಡಬಾರದು. ಸೊಂಟದ ಬೆಲ್ಟ್ ಹಿಡಿದು, ಮೊಣಕಾಲಿಗೆ ತನ್ನ ಮೊಣಕಾಲು ಆಸರೆ ಕೊಟ್ಟು ಎಬ್ಬಿಸಬೇಕು. ಗಾಲಿಕುರ್ಚಿಯಾಗ ಕೂತಾಗ ಆ ಕೈಗೆ ದಿಂಬು ಅಥವಾ ಹಲಗೆ ಇರಬೇಕು, ಚಕ್ರದ ಕಡೆ ಜೋತು ಬೀಳಬಾರದು. ಗೋಡೆಗೆ ಹಗ್ಗ-ರಾಟೆ ಕಟ್ಟಿ ಸ್ವಾಧೀನ ಇಲ್ಲದ ಕೈನ್ನ ತಲೆ ಮ್ಯಾಲ ಎಳಿಸೋ ಕೇಂದ್ರ ಇನ್ನೂ ಅವ. ಭುಜದ ನೋವಿಗೆ ಅದೇ ಕಾರಣ ಆಗ್ತದ. ಅದನ್ನ ಕಂಡ್ರ ಅಲ್ಲಿನ ಥೆರಪಿಸ್ಟ್ ಹೊಸದೇನೂ ಓದಿಲ್ಲ ಅಂತ ತಿಳೀರಿ.

ಬಯಲುಸೀಮೆ:
ಹಾಗಾದರೆ ರೋಬೋಟ್ ಯಂತ್ರ ಬರೀ ತೋರಿಕೆಯೇ? ಎಲ್ಲರೂ ಹಾಗೆ ಹೇಳಿಬಿಡುತ್ತಾರೆ, ಆದರೆ ಅಧ್ಯಯನಗಳು ಹಾಗೆ ಹೇಳುವುದಿಲ್ಲ. ಇನ್ನೂ ನಡೆಯಲಾಗದವರಿಗೆ, ಮೊದಲ ಮೂರು ತಿಂಗಳಲ್ಲಿ, ಫಿಸಿಯೋಥೆರಪಿಯ ಜೊತೆಗೆ ಇಂಥ ಯಂತ್ರ ಬಳಸಿದರೆ ಸ್ವತಂತ್ರವಾಗಿ ನಡೆಯುವ ಸಾಧ್ಯತೆ ಹೆಚ್ಚುತ್ತದೆ. ಈ ರೋಗಿ ಅದೇ ಗುಂಪಿನವರು. ಯಂತ್ರ ಇರುವ ಕೇಂದ್ರವನ್ನು ಅದೊಂದೇ ಕಾರಣಕ್ಕೆ ಕೈಬಿಡಬೇಡಿ.

ಪಿಟಿ_ಧಾರವಾಡ:
ಒಪ್ತೀನಿ. 'ಜೊತೆಗೆ' ಅಂದ್ರಲ್ಲ, ಅದು ಮುಖ್ಯ. ಬೆಲ್ಟ್ ಕಟ್ಟಿ ಯಂತ್ರಕ್ಕ ಏರಿಸಿ ಇಳಿಸೋದಕ್ಕ ಎಷ್ಟು ಹೊತ್ತು, ನಿಜವಾಗಿ ನಡೆಯೋದು ಎಷ್ಟು ನಿಮಿಷ, ವಾರಕ್ಕ ಎಷ್ಟು ದಿನ ಈ ರೋಗಿಗೆ ಸಿಗ್ತದ, ಅದಕ್ಕ ಬೇರೆ ಬಿಲ್ ಎಷ್ಟು, ಇಷ್ಟು ಕೇಳ್ರಿ. ಯಂತ್ರದ ದಿನ ಕೈಯಿಂದ ಮಾಡೋ ಸೆಷನ್ ರದ್ದು ಮಾಡ್ತಾರಾ ಅನ್ನೋದನ್ನಂತೂ ಬಿಡಬ್ಯಾಡ್ರಿ.

ಔಷಧಿಪೆಟ್ಟಿಗೆ:
ಟ್ಯೂಬು ಮತ್ತು ಇನ್ಸುಲಿನ್ ಎರಡೂ ಇರುವ ರೋಗಿ ಅಂದರೆ ನನಗೆ ಮೊದಲು ಹೆದರಿಕೆ ಆಗುವುದು ಶುಗರ್ ಇಳಿಯುವುದಕ್ಕೆ. ತಪ್ಪು ಹೀಗೆ ನಡೆಯುತ್ತದೆ: ಬೆಳಿಗ್ಗೆ ಇನ್ಸುಲಿನ್ ಕೊಡುತ್ತಾರೆ, ಟ್ಯೂಬ್ ಕಟ್ಟಿಕೊಳ್ಳುತ್ತದೆ ಅಥವಾ ರೋಗಿ ಕಿತ್ತುಕೊಳ್ಳುತ್ತಾರೆ, ಹೊಸ ಟ್ಯೂಬ್ ಹಾಕುವವರು ಬರುವುದು ಮಧ್ಯಾಹ್ನ. ಆಹಾರ ನಿಂತಿದೆ, ಇನ್ಸುಲಿನ್ ಮೈಯಲ್ಲಿ ಕೆಲಸ ಮಾಡುತ್ತಿದೆ. ಮಾತಾಡಬಲ್ಲ ರೋಗಿ 'ತಲೆ ಸುತ್ತುತ್ತಿದೆ' ಅನ್ನುತ್ತಾರೆ. ಮಾತು ನಿಂತವರು ಸುಮ್ಮನೆ ಬೆವರಿ ಮಂಪರಿಗೆ ಜಾರುತ್ತಾರೆ, ನೋಡಿದವರು ನಿದ್ದೆ ಅಂದುಕೊಳ್ಳುತ್ತಾರೆ. ಆದ್ದರಿಂದ ನೇರವಾಗಿ ಕೇಳಿ: 'ಟ್ಯೂಬ್ ಬಂದುಬಿಟ್ಟರೆ ಮುಂದಿನ ಇನ್ಸುಲಿನ್ ಏನು ಮಾಡ್ತೀರಿ? ರಾತ್ರಿ 2 ಗಂಟೆಗೆ ಟ್ಯೂಬ್ ಮತ್ತೆ ಹಾಕುವವರು ಯಾರು? ಶುಗರ್ 70ಕ್ಕಿಂತ ಕೆಳಗೆ ಬಂದರೆ ಏನು ಕೊಡ್ತೀರಿ, ಎಷ್ಟು ಹೊತ್ತಿಗೆ ಮತ್ತೆ ಚೆಕ್ ಮಾಡ್ತೀರಿ?' ಪಾಳಿಯಲ್ಲಿರುವ ನರ್ಸ್ ತಡವರಿಸದೆ ಉತ್ತರ ಕೊಡಬೇಕು. ಟ್ಯೂಬಿನಲ್ಲೋ ಡ್ರಿಪ್‌ನಲ್ಲೋ ಗ್ಲೂಕೋಸ್, 15 ನಿಮಿಷಕ್ಕೆ ಮತ್ತೆ ಪರೀಕ್ಷೆ, ಡಾಕ್ಟರಿಗೆ ಫೋನ್. ಮಾರ್ಕೆಟಿಂಗ್‌ನವರ ಹತ್ತಿರ ಕೇಳಿ ಪ್ರಯೋಜನ ಇಲ್ಲ.

ಆಹಾರ ಕೊಡುವ ಹೊತ್ತಿಗೆ ಹತ್ತಿರ ನಿಂತು ನೋಡಿ. ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು, ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಇರಬೇಕು. ಮೂಗಿನ ಹತ್ತಿರ ಟ್ಯೂಬ್ ಮೇಲಿನ ಸೆಂಟಿಮೀಟರ್ ಗುರುತು ಚಾರ್ಟ್‌ನಲ್ಲಿ ಬರೆದಿದ್ದಕ್ಕೆ ತಾಳೆಯಾಗಬೇಕು. ಸಿರಿಂಜಿನಿಂದ ಗಾಳಿ ಬಿಟ್ಟು ಹೊಟ್ಟೆಯ ಸದ್ದು ಕೇಳುವುದೊಂದನ್ನೇ ನೆಚ್ಚಿಕೊಳ್ಳಬಾರದು, ಟ್ಯೂಬ್ ಶ್ವಾಸಕೋಶಕ್ಕೆ ಹೋಗಿದ್ದರೂ ಅಂಥದೇ ಸದ್ದು ಬರಬಹುದು. ಆಹಾರವನ್ನು ಸಿರಿಂಜಿನ ದಂಡದಿಂದ ತಳ್ಳದೆ, ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. 200 ಮಿಲಿ ಇಳಿಯಲು 15–20 ನಿಮಿಷ. ಮೊದಲೂ ಆಮೇಲೂ ಸುಮಾರು 30 ಮಿಲಿ ನೀರು. ಟ್ಯೂಬ್ ಪದೇ ಪದೇ ಕಟ್ಟುತ್ತಿದ್ದರೆ ಸಾಮಾನ್ಯ ಕಾರಣಗಳು: ಸೋಸದ ಗಂಜಿ, ಸರಿಯಾಗಿ ಪುಡಿ ಮಾಡದ ಮಾತ್ರೆ.

ಮಾತ್ರೆ ಅಂದಾಗ, ಎಲ್ಲವನ್ನೂ ಒಟ್ಟಿಗೆ ಕುಟ್ಟಿ ಒಂದೇ ಲೋಟದಲ್ಲಿ ಕಲಸುತ್ತಾರಾ ನೋಡಿ. ಪ್ಯಾಂಟೊಪ್ರಜೋಲ್‌ನಂಥ ಹೊರಪದರದ ಮಾತ್ರೆ, ಮೆಟ್‌ಫಾರ್ಮಿನ್ ಎಸ್‌ಆರ್‌ನಂಥ ನಿಧಾನ ಬಿಡುಗಡೆಯ ಮಾತ್ರೆ ಕುಟ್ಟಬಾರದು, ಡಾಕ್ಟರಿಗೆ ಹೇಳಿ ಬೇರೆ ರೂಪ ಬರೆಸಬೇಕು. ಫಿಟ್ಸ್‌ಗೆ ಫೆನಿಟಾಯಿನ್ ಕೊಡುತ್ತಿದ್ದರೆ ಅದರ ಹಿಂದೆ ಮುಂದೆ ಒಂದೆರಡು ಗಂಟೆ ಆಹಾರ ಬಿಡುವು ಬೇಕು. ಆಹಾರದ ಜೊತೆಗೇ ಹೋದರೆ ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಫಿಟ್ಸ್ ಮರುಕಳಿಸುತ್ತದೆ, ಡೋಸ್ ಹೆಚ್ಚಿಸುತ್ತಾ ಹೋಗುತ್ತಾರೆ.

ಹೊರನಾಡು_ಕಾವೇರಿ:
ತುಂಬ ಉಪಕಾರ. ಟ್ಯೂಬ್ ತೆಗೆದು ಬಾಯಿಂದ ಊಟ ಶುರು ಮಾಡುವುದು ಯಾವಾಗ, ಅದನ್ನು ಯಾರು ಹೇಳಬೇಕು?

ಮಾತುಕತೆ_ಮೈಸೂರು:
ಸ್ಪೀಚ್ ಥೆರಪಿಸ್ಟ್ ನುಂಗುವಿಕೆಯನ್ನು ಪರೀಕ್ಷಿಸಿ ಹೇಳಬೇಕು. ಇದು ಎಷ್ಟೋ ಕೇಂದ್ರಗಳಲ್ಲಿ ಬಿಟ್ಟುಹೋಗುವ ಕೆಲಸ. ಸ್ಪೀಚ್ ಥೆರಪಿ ಅಂದರೆ ಬರೀ ಮಾತು ಕಲಿಸುವುದು ಅಂತ ತಿಳಿದಿರುತ್ತಾರೆ. ವಾರಕ್ಕೊಮ್ಮೆ ಹೊರಗಿನಿಂದ ಬಂದು ಹೋಗುವ ಥೆರಪಿಸ್ಟ್ ಇದ್ದರೆ ಟ್ಯೂಬ್ ತೆಗೆಯುವ ನಿರ್ಧಾರ ವಾರಗಟ್ಟಲೆ ಮುಂದೆ ಹೋಗುತ್ತದೆ, ಇಲ್ಲವೇ ಅಟೆಂಡರ್ ಒಂದು ದಿನ ಚಮಚದಲ್ಲಿ ನೀರು ಕೊಟ್ಟು 'ಕುಡಿದರು' ಅಂತ ಹೇಳಿಬಿಡುತ್ತಾರೆ. ಕೆಮ್ಮು ಬರಲಿಲ್ಲ ಅಂದರೆ ಸರಿಯಾಗಿ ನುಂಗಿದರು ಅಂತ ಅರ್ಥ ಅಲ್ಲ. ಸ್ಟ್ರೋಕ್ ಆದವರಲ್ಲಿ ಕೆಮ್ಮೇ ಇಲ್ಲದೆ ನೀರು ಶ್ವಾಸಕೋಶಕ್ಕೆ ಇಳಿಯುವುದುಂಟು. ನುಂಗಿದ ಮೇಲೆ ಗಂಟಲಿನ ಸದ್ದು ಗುಳಗುಳ ಅನ್ನುತ್ತದೆಯಾ, ಸಂಜೆ ಹೊತ್ತಿಗೆ ಸಣ್ಣ ಜ್ವರ ಬರುತ್ತಿದೆಯಾ, ಉಸಿರು ವೇಗವಾಗಿದೆಯಾ ಅಂತ ನೋಡಬೇಕು. ಅನುಮಾನ ಇದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಎಂಡೋಸ್ಕೋಪ್ ಅಥವಾ ಎಕ್ಸ್-ರೇ ವಿಡಿಯೋದಿಂದ ನುಂಗುವುದನ್ನು ನೋಡುತ್ತಾರೆ.

ನೀರಿನಂಥ ತೆಳು ದ್ರವವೇ ಹೆಚ್ಚು ಅಪಾಯ, ಮನೆಯವರು ಮೊದಲು ಕೊಡುವುದೂ ಅದನ್ನೇ. ಗಟ್ಟಿತನವನ್ನು 0ರಿಂದ 7ರವರೆಗೆ ಅಳೆಯುವ ಅಂತರರಾಷ್ಟ್ರೀಯ ಪಟ್ಟಿ ಇದೆ. ಥೆರಪಿಸ್ಟ್ ಯಾವ ಅಂಕ ಬರೆದಿದ್ದಾರೋ ಅದೇ ಹದ ಅಡುಗೆಮನೆಯಿಂದ ಬರುತ್ತಿದೆಯಾ ಅನ್ನೋದು ಕೇಂದ್ರದ ಪರೀಕ್ಷೆ. ರಾಗಿ ಅಂಬಲಿಯ ಹದ ಒಂದು ದಿನ ತೆಳು, ಒಂದು ದಿನ ಗಟ್ಟಿ ಆಗುತ್ತಿದ್ದರೆ ಅಡುಗೆಯವರಿಗೆ ಯಾರೂ ಹೇಳಿಲ್ಲ ಅಂತಲೇ. ಊಟ ಮುಗಿದ ಮೇಲೆ ಬಲಗೆನ್ನೆಯ ಒಳಗೆ ಅನ್ನ ಉಳಿದಿದೆಯಾ ಬೆಳಕು ಬಿಟ್ಟು ನೋಡಿ. ಸ್ವಾಧೀನವಿಲ್ಲದ ಕಡೆ ತುತ್ತು ಕೂತಿರುವುದು ರೋಗಿಗೆ ಗೊತ್ತಾಗುವುದಿಲ್ಲ. ಟ್ಯೂಬಿನಲ್ಲಿ ಊಟ ಹೋಗುತ್ತಿದ್ದರೂ ದಿನಕ್ಕೆ ಎರಡು ಸಲವಾದರೂ ಹಲ್ಲು ನಾಲಿಗೆ ಉಜ್ಜಬೇಕು, ಬಾಯಿಯ ಕೊಳೆಯೇ ನ್ಯುಮೋನಿಯಾಕ್ಕೆ ದಾರಿ. ರೋಗಿಯ ನಾಲಿಗೆ ಒಂದು ಸಲ ನೋಡಿದರೆ ಆ ಕೇಂದ್ರದ ಬೆಳಗಿನ ಪಾಳಿ ಹೇಗೆ ನಡೆಯುತ್ತದೆ ಅಂತ ಗೊತ್ತಾಗುತ್ತದೆ.

ಮಾತಿನ ಬಗ್ಗೆ ಇನ್ನೊಂದು. ಎಡ ಮಿದುಳಿನ ಸ್ಟ್ರೋಕ್‌ನಲ್ಲಿ ಎಷ್ಟೋ ಸಲ ಭಾಷೆಯೇ ಪೆಟ್ಟು ತಿಂದಿರುತ್ತದೆ, ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಅವರು ಜೀವನಪೂರ್ತಿ ಆಡಿದ ಭಾಷೆ ಕನ್ನಡವಾಗಿದ್ದರೆ ಥೆರಪಿಯೂ ಕನ್ನಡದಲ್ಲೇ ಆಗಬೇಕು. ಭಾಷಾಶಕ್ತಿ ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಗೆ ಕನ್ನಡ ರೂಪ ಇದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದವರಿಗೆ ಅದು ಗೊತ್ತಿರುತ್ತದೆ. ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಕೇಳಿ. ಬೆಂಗಳೂರಿನ ಕೇಂದ್ರಗಳಲ್ಲಿ ಅಟೆಂಡರ್‌ಗಳು ಬೇರೆ ರಾಜ್ಯದವರಾಗಿರುವುದು ಸಾಮಾನ್ಯ, ಅವರ ಕೆಲಸದಲ್ಲಿ ಕೊರತೆ ಇರುತ್ತದೆ ಅಂತ ಅಲ್ಲ. ಆದರೆ 'ನೋವು', 'ನೀರು', 'ಒಂದಕ್ಕೆ', 'ಸಾಕು' ಇಂಥ ಹತ್ತು ಹದಿನೈದು ಮಾತು ಚಿತ್ರದ ಜೊತೆ ಕನ್ನಡದಲ್ಲಿ ಬರೆದ ಹಲಗೆ ಮಂಚದ ಪಕ್ಕ ತೂಗುಹಾಕಿರಲೇಬೇಕು. ಅಫೇಸಿಯಾ ಇರುವವರ ತಲೆಯಾಡಿಸುವಿಕೆಯನ್ನೂ ಪೂರ್ತಿ ನಂಬುವ ಹಾಗಿಲ್ಲ, 'ಹೌದು' ಅನ್ನಲು ಹೋಗಿ 'ಇಲ್ಲ' ಅನ್ನುತ್ತಾರೆ. ಹಾಗಾಗಿ ನೋವನ್ನು ಮುಖದ ಸುಕ್ಕು, ನರಳುವಿಕೆ, ಮೈ ಬಿಗಿ ನೋಡಿ ಬರೆದುಕೊಳ್ಳುತ್ತಾರಾ ಕೇಳಿ.

ಮಂಡ್ಯದ_ಗಾಳಿ:
ಕ್ಯಾಥೆಟರ್ ಬಗ್ಗೆ ಯಾರೂ ಹೇಳಲಿಲ್ಲ.

ರಾತ್ರಿಪಾಳಿ:
ಒಂದೇ ಪ್ರಶ್ನೆಯಿಂದ ಶುರು ಮಾಡಿ: 'ಇದನ್ನು ಯಾವಾಗ ತೆಗೀತೀರಿ?' ಒಳ್ಳೆಯ ಕೇಂದ್ರ ಸೇರಿದ ವಾರದಲ್ಲೇ ತೆಗೆಯುವ ದಿನದ ಬಗ್ಗೆ ಮಾತಾಡುತ್ತದೆ. ಇದ್ದಷ್ಟು ದಿನವೂ ಸೋಂಕಿನ ಅಪಾಯ ಬೆಳೆಯುತ್ತದೆ. 'ಇರಲಿ ಬಿಡಿ, ಅನುಕೂಲ' ಅಂದರೆ ಅನುಕೂಲ ಸಿಬ್ಬಂದಿಗೆ. ತೆಗೆಯುವ ಮೊದಲು ಗಂಟೆಗಟ್ಟಲೆ ಕ್ಲ್ಯಾಂಪ್ ಹಾಕಿ 'ಅಭ್ಯಾಸ' ಮಾಡಿಸುವ ಅಗತ್ಯ ಇಲ್ಲ. ತೆಗೆದ ಮೇಲೆ ಮೂತ್ರ ಹೋಯಿತಾ, ಮೂತ್ರಕೋಶದಲ್ಲಿ ಎಷ್ಟು ಉಳಿಯಿತು ಅಂತ ನೋಡುವ ವ್ಯವಸ್ಥೆ ಬೇಕು. ಎರಡು ಮೂರು ಗಂಟೆಗೊಮ್ಮೆ ಕಮೋಡ್ ಕುರ್ಚಿಗೆ ಕೂರಿಸುತ್ತಾರಾ, ಅಥವಾ ಕ್ಯಾಥೆಟರ್ ಜಾಗಕ್ಕೆ ಡೈಪರ್ ಬಂದು ಅಲ್ಲಿಗೆ ಮುಗಿಯಿತಾ? ಇರುವ ತನಕ ಚೀಲ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲ ಮುಟ್ಟದಂತೆ ಇರಬೇಕು. ಗಾಲಿಕುರ್ಚಿಗೆ ಕೂರಿಸುವಾಗ ಚೀಲವನ್ನು ತೊಡೆಯ ಮೇಲೆ ಇಡುತ್ತಾರೆ, ಆಗ ಚೀಲದ ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಜ್ವರ, ಗೊಂದಲ ಏನೂ ಇಲ್ಲದೆ ಮೂತ್ರ ಬರೀ ಮಬ್ಬಾಗಿದೆ ಅಂತ ಆ್ಯಂಟಿಬಯೋಟಿಕ್ ಶುರು ಮಾಡುವ ಕೇಂದ್ರದಲ್ಲಿ ಡಾಕ್ಟರು ಬಂದು ನೋಡಿ ಬರೆದರಾ ಅಂತ ವಿಚಾರಿಸಿ.

ತುಂಗಾತೀರ:
ಕೈ ಕಟ್ಟುವುದರ ಬಗ್ಗೆ ಹೇಳಲೇಬೇಕು. ಟ್ಯೂಬ್ ಕಿತ್ತುಕೊಳ್ಳುತ್ತಾರೆ ಅಂತ ಚೆನ್ನಾಗಿರುವ ಎಡಗೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟುತ್ತಾರೆ. ಈ ರೋಗಿಗೆ ಕೆಲಸ ಮಾಡುವುದು ಅದೊಂದೇ ಕೈ. ಭೇಟಿಯ ಹೊತ್ತಿಗೆ ಬಿಚ್ಚಿರುತ್ತಾರೆ, ಮಣಿಕಟ್ಟಿನ ಗೆರೆ ಮಾತ್ರ ಉಳಿದಿರುತ್ತದೆ. ಅದನ್ನು ನೋಡಿ. ಕಟ್ಟುವುದಕ್ಕೆ ಡಾಕ್ಟರ ಲಿಖಿತ ಆದೇಶ ಇದೆಯಾ, ಮನೆಯವರ ಒಪ್ಪಿಗೆ ಕೇಳಿದ್ದಾರಾ, ಎಷ್ಟು ಹೊತ್ತಿಗೊಮ್ಮೆ ಬಿಚ್ಚಿ ಕೈ ಆಡಿಸುತ್ತಾರೆ? ಮೊದಲು ದಪ್ಪ ಕೈಗವಸು ಹಾಕಿ ನೋಡಿದರಾ, ಮೂಗಿನ ಟೇಪ್ ತುರಿಸುತ್ತಿದೆಯಾ ಅಂತ ನೋಡಿದರಾ? ಟ್ಯೂಬ್ ನಾಲ್ಕು ವಾರ ಮೀರಿ ಬೇಕಾಗುವಂತಿದ್ದರೆ ಹೊಟ್ಟೆಗೆ ನೇರ ಹಾಕುವ ಪೆಗ್ ಟ್ಯೂಬ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ, ಕೈ ಕಟ್ಟುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ.

ಔಷಧಿಯಿಂದ ಕಟ್ಟುವುದೂ ಇದೆ. ಹಗಲಿಡೀ ಮಂಪರು ಇದ್ದರೆ ಔಷಧಿ ಚಾರ್ಟ್ ತೆಗೆಸಿ, ಸೇರಿದ ಮೇಲೆ ಹೊಸದಾಗಿ ಬಂದ ರಾತ್ರಿ ಮಾತ್ರೆ ಯಾವುದು ಅಂತ ನೋಡಿ. ಕ್ವೆಟಿಯಾಪಿನ್ ಥರದ ಮನೋರೋಗದ ಔಷಧಿಗಳು ಮರೆವಿನ ಕಾಯಿಲೆ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ರಾತ್ರಿ ಕೂಗಾಡುತ್ತಾರೆ ಅಂದರೆ ಮೊದಲು ಹುಡುಕಬೇಕಾದದ್ದು ಮಲಬದ್ಧತೆ, ಮೂತ್ರ ಕಟ್ಟುವಿಕೆ, ಸೋಂಕು, ಸೋಡಿಯಂ ಇಳಿತ, ಭುಜದ ನೋವು. ಮಾತ್ರೆ ಅದಾದ ಮೇಲೆ.

ಬಯಲುಸೀಮೆ:
ರಾತ್ರಿ ಹೇಳದೆ ಕೇಳದೆ ಹೋಗಿ ನೋಡುವುದು ಸರಿಯೇ? ಉಳಿದ ರೋಗಿಗಳ ನಿದ್ದೆ, ಮಾನ ಎರಡೂ ಇವೆಯಲ್ಲ. ಸಿಸಿಟಿವಿ ಇರುವ ಕೇಂದ್ರ ಆರಿಸಿಕೊಂಡರೆ ಸಾಲದೇ?

ರಾತ್ರಿಪಾಳಿ:
ಸಿಸಿಟಿವಿಯಲ್ಲಿ ಬಿದ್ದದ್ದು ಕಾಣುತ್ತದೆ, ಒದ್ದೆ ಡೈಪರ್ ಕಾಣುವುದಿಲ್ಲ. ಬಟ್ಟೆ ಬದಲಿಸುವ ಕಡೆ ಕ್ಯಾಮೆರಾ ಇರಲೂಬಾರದು. ವಾರ್ಡ್ ಒಳಗೆ ನುಗ್ಗಬೇಕಿಲ್ಲ. ಎರಡು ಹೊತ್ತು ಆರಿಸಿಕೊಳ್ಳಿ: ಪಾಳಿ ಬದಲಾಗುವ ಸಮಯ ಮತ್ತು ಭಾನುವಾರ ಮಧ್ಯಾಹ್ನ. ಪಾಳಿ ಬದಲಾಗುವಾಗ ಹೋಗುವವರು ಬರುವವರಿಗೆ ಮಂಚದ ಪಕ್ಕ ನಿಂತು ಒಬ್ಬೊಬ್ಬರ ವಿಷಯ ಒಪ್ಪಿಸುತ್ತಾರಾ, ಮೇಜಿನ ಹತ್ತಿರ 'ಎಲ್ಲಾ ಸ್ಟೇಬಲ್' ಅಂತ ಹೇಳಿ ಬ್ಯಾಗ್ ಹೆಗಲಿಗೇರಿಸುತ್ತಾರಾ? ಕಾಲ್ ಬೆಲ್ ಒತ್ತಿ ಗಡಿಯಾರ ನೋಡಿ. ಬೆಲ್ ರೋಗಿಯ ಎಡಗೈಗೆ ಎಟುಕುತ್ತದೆಯಾ ಅಂತಲೂ ನೋಡಿ, ಬಲಗಡೆ ತೂಗುಹಾಕಿದ್ದರೆ ಈ ರೋಗಿಗೆ ಅದು ಇಲ್ಲದಂತೆಯೇ.

ಸಿಬ್ಬಂದಿ ಲೆಕ್ಕ ಕೇಳುವಾಗ 'ನರ್ಸ್' ಅನ್ನುವ ಪದಕ್ಕೆ ಮೋಸ ಹೋಗಬೇಡಿ. ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳು, ಅವರಿಗೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್‌ಸಿ ನರ್ಸಿಂಗ್ ಓದಿ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿದವರು ಎಷ್ಟು, ಎಎನ್‌ಎಂ (ಸಹಾಯಕ ನರ್ಸ್) ಎಷ್ಟು, ಏನೂ ಓದದ ಅಟೆಂಡರ್ ಎಷ್ಟು, ಬೇರೆ ಬೇರೆಯಾಗಿ ಕೇಳಿ. ಏಜೆನ್ಸಿಯಿಂದ ಬಂದ ಅಟೆಂಡರ್ ವಾರಕ್ಕೊಬ್ಬರು ಬದಲಾಗುತ್ತಾರಾ? ಹೊಸಬರಿಗೆ ಭುಜ ಎಳೆಯಬಾರದು ಅನ್ನೋದನ್ನು ಯಾರು ಕಲಿಸುತ್ತಾರೆ? ಡಾಕ್ಟರು ರಾತ್ರಿ ಒಳಗೇ ಇರುತ್ತಾರಾ, ಫೋನಿನಲ್ಲಿ ಮಾತ್ರವಾ? ಉಸಿರು ತೊಂದರೆಯಾದರೆ ಯಾವ ಆಸ್ಪತ್ರೆಗೆ, ಯಾರ ಆ್ಯಂಬುಲೆನ್ಸ್?

ಕಡತ_ಕಾನೂನು:
ಕಾಗದದ ಕಡೆಯದು ನಾನು ಬರೆಯುತ್ತೇನೆ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ 2007ರ ಕೆಪಿಎಂಇ ಕಾಯ್ದೆಯ ನೋಂದಣಿ ಬೇಕು. ನೋಂದಣಿ ಪತ್ರವೂ ದರಪಟ್ಟಿಯೂ ಕಾಣುವಂತೆ ಹಾಕಿರಬೇಕು. ಟ್ಯೂಬು, ಇನ್ಸುಲಿನ್, ಕ್ಯಾಥೆಟರ್ ಇರುವ ರೋಗಿಯನ್ನು 'ವೃದ್ಧಾಶ್ರಮ' ಅಥವಾ 'ಕೇರ್ ಹೋಮ್' ಅನ್ನುವ ಹೆಸರಿನಡಿ, ವೈದ್ಯಕೀಯ ನೋಂದಣಿ ಇಲ್ಲದ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಅಂದರೆ ಅಲ್ಲಿಂದ ಹೊರಡಿ. ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್‌ನ ಮಾನ್ಯತೆ ಇದ್ದರೆ ಒಳ್ಳೆಯದು. ಅದು ಕೇಂದ್ರದ ಪದ್ಧತಿಗಳನ್ನು ಅಳೆದದ್ದು, ನಿಮ್ಮ ರೋಗಿಯ ಇವತ್ತಿನ ರಾತ್ರಿಯನ್ನಲ್ಲ.

ದುಡ್ಡು: ಆರೋಗ್ಯ ವಿಮೆ ಇದೆ ಅಂತ ನೆಮ್ಮದಿಯಾಗಿರಬೇಡಿ. ಬಹುತೇಕ ಪಾಲಿಸಿಗಳಲ್ಲಿ 'ವಿಶ್ರಾಂತಿ ಚಿಕಿತ್ಸೆ, ಪುನಶ್ಚೇತನ ಮತ್ತು ಬಿಡುವಿನ ಆರೈಕೆ' ಅನ್ನುವ ಹೊರಗಿಡುವಿಕೆ ಇರುತ್ತದೆ, ಅದರ ಸಂಕೇತ ಎಕ್ಸ್‌ಸಿಎಲ್ 05. ಪಾಲಿಸಿಯಲ್ಲಿ ಆ ಸಾಲು ಹುಡುಕಿ, ವಿಮೆಯವರಿಂದ ಲಿಖಿತವಾಗಿ ಉತ್ತರ ತೆಗೆದುಕೊಂಡು ಆಮೇಲೆ ಸೇರಿಸಿ. ಪ್ಯಾಕೇಜ್ ದರದಲ್ಲಿ ಏನೇನು ಇಲ್ಲ ಅಂತ ಬರೆಸಿಕೊಳ್ಳಿ. ಡೈಪರ್, ಅಂಡರ್‌ಪ್ಯಾಡ್, ಗ್ಲೌಸ್, ಗಾಳಿ ಹಾಸಿಗೆಯ ಬಾಡಿಗೆ, ಡಾಕ್ಟರ ಭೇಟಿ, ಶುಗರ್ ಸ್ಟ್ರಿಪ್, ಸ್ಪೀಚ್ ಥೆರಪಿ ಇವೆಲ್ಲ ಬೇರೆ ಬೇರೆ ಬಿಲ್ ಆದಾಗ ತಿಂಗಳ ಮೊತ್ತ ಹೇಳಿದ್ದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಗ್ಲೌಸ್ ಮತ್ತು ಡೈಪರ್ ಬಿಲ್ ಆರೈಕೆಗೂ ಸಾಕ್ಷಿ: ದಿನಕ್ಕೆ ಎರಡೇ ಡೈಪರ್ ಬಿಲ್ ಆಗಿದ್ದರೆ ರೋಗಿ ಎಷ್ಟು ಹೊತ್ತು ಒದ್ದೆಯಲ್ಲಿದ್ದರು ಅನ್ನೋದನ್ನು ನೀವೇ ಲೆಕ್ಕ ಹಾಕಬಹುದು.

ದಾಖಲೆ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲಿದೆ. ದೂರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಕೊಡಬಹುದು. ಹಿರಿಯರ ನಿರ್ಲಕ್ಷ್ಯ, ಹಿಂಸೆ ಅನ್ನಿಸಿದರೆ ರಾಷ್ಟ್ರೀಯ ಸಹಾಯವಾಣಿ 14567, ಬೆಂಗಳೂರಿನಲ್ಲಿ ಹಿರಿಯರ ಸಹಾಯವಾಣಿ 1090.

ಹೊರನಾಡು_ಕಾವೇರಿ:
ಊರಿನಲ್ಲಿ ಇರುವವರು ವಾರಕ್ಕೊಮ್ಮೆ ಹೋಗಬಲ್ಲರು. ಉಳಿದ ದಿನ ವಿಡಿಯೋ ಕಾಲ್ ಮಾತ್ರ. ಅದರಲ್ಲಿ ಏನು ಕೇಳಲಿ?

ರಾತ್ರಿಪಾಳಿ:
ಮುಖಕ್ಕೆ ಮಾತ್ರ ಫೋನ್ ಹಿಡಿಯುತ್ತಾರೆ, ಮುಖ ತೊಳೆದು ತಲೆ ಬಾಚಿರುತ್ತಾರೆ. ದಿನಾ ಒಂದೇ ಹೊತ್ತಿಗೆ ಕಾಲ್ ಮಾಡಬೇಡಿ. 'ಎರಡೂ ಹಿಮ್ಮಡಿ ತೋರಿಸಿ, ಇವತ್ತಿನ ಮಗ್ಗುಲು ಚಾರ್ಟ್ ತೋರಿಸಿ, ಯೂರಿನ್ ಚೀಲ ಎಲ್ಲಿ ತೂಗಿದೆ ತೋರಿಸಿ' ಅಂತ ಮೂರೇ ಮಾತು, ಮರ್ಯಾದೆಯಿಂದ ಕೇಳಿ. ತ್ರಿಕಾಸ್ಥಿಯ ಜಾಗವನ್ನು ವಿಡಿಯೋದಲ್ಲಿ ಕೇಳಬೇಡಿ, ಅವರ ಮಾನದ ಪ್ರಶ್ನೆ. ಅದನ್ನು ವಾರಕ್ಕೊಮ್ಮೆ ಹೋಗುವವರು ಸ್ನಾನದ ಹೊತ್ತಿಗೆ ಹೋಗಿ ನೋಡಲಿ. ತೂಕ ತಿಂಗಳಿಗೊಮ್ಮೆಯಾದರೂ ಕಳಿಸಲಿ, ಒಂದು ತಿಂಗಳಲ್ಲಿ ನೂರಕ್ಕೆ ಐದು ಭಾಗ ಇಳಿದರೆ ಡಯಟೀಷಿಯನ್ ಮತ್ತು ಡಾಕ್ಟರ ಹತ್ತಿರ ಕಾರಣ ಕೇಳಿ. 60 ಕೆಜಿ ಇದ್ದವರಿಗೆ ಅದು 3 ಕೆಜಿ. ಕೆಲಸ ಚೆನ್ನಾಗಿ ಮಾಡುವ ಅಟೆಂಡರ್ ಹೆಸರು ಹಿಡಿದು ಮೇಲಿನವರಿಗೆ ಹೇಳಿ. ಅವರ ಸಂಬಳ ಕಡಿಮೆ, ಪಾಳಿ 12 ಗಂಟೆ, ಒಳ್ಳೆಯ ಮಾತು ಅವರವರೆಗೆ ಹೋಗುವುದು ಅಪರೂಪ.

ಪಿಟಿ_ಧಾರವಾಡ:
ಮತ್ತೊಂದು ಸೇರಿಸ್ಕೊಳ್ರಿ. ಮನಿಗೆ ಹೋಗೋ ತಯಾರಿ ಸೇರಿದ ದಿನದಿಂದ ಶುರು ಆಗಬೇಕು. ಮನೀ ಶೌಚದ ಫೋಟೋ, ಬಾಗಿಲಿನ ಅಗಲ, ಹೊಸ್ತಿಲಿನ ಎತ್ತರ ಕೇಳದ ಆಕ್ಯುಪೇಶನಲ್ ಥೆರಪಿಸ್ಟ್ ಯಾವುದಕ್ಕ ತಯಾರಿ ಮಾಡ್ಲಿಕ್ಕತ್ತಾರ? ವಾರಕ್ಕೊಮ್ಮೆ ಹೋಗೋರಿಗೆ ಮಂಚದಿಂದ ಕುರ್ಚಿಗೆ ಕೂಡಿಸೋದು, ಟ್ಯೂಬಿನ ಊಟ, ಕೈ ಇಡೋ ರೀತಿ ಇವನ್ನ ಅವರ ಕೈಯಿಂದಲೇ ಮಾಡಿಸಿ ಕಲಿಸಬೇಕು. 'ಹೋಗೋ ದಿನ ಹೇಳಿಕೊಡ್ತೀವಿ' ಅಂದ್ರ ಒಪ್ಪಬ್ಯಾಡ್ರಿ, ಆ ದಿನ ಬಿಲ್ ಕಟ್ಟೋದರಾಗ ಹೋಗ್ತದ.

ಹೊರನಾಡು_ಕಾವೇರಿ:
ಬರೆದುಕೊಂಡೆ. ಎರಡೂ ಕಡೆಗೆ ಇದೇ ಪ್ರಶ್ನೆಗಳನ್ನು ಕಳಿಸಿ, ಭಾನುವಾರ ಮಧ್ಯಾಹ್ನ ಹೋಗಿ ನೋಡಲು ಊರಿನವರಿಗೆ ಹೇಳುತ್ತೇನೆ. ಔಷಧಿಪೆಟ್ಟಿಗೆಯವರೇ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಫೆನಿಟಾಯಿನ್ ರಾತ್ರಿ ಒಂದೇ ಸಲ ಅಂತಿದೆ, ಕೊನೆಯ ಊಟ ರಾತ್ರಿ 9ಕ್ಕೆ.

ಔಷಧಿಪೆಟ್ಟಿಗೆ:
ಹಾಗಿದ್ದರೆ ಸುಲಭ. 9ರ ಊಟ ಮುಗಿದ ಮೇಲೆ 11ಕ್ಕೆ ಔಷಧಿ, ಆಮೇಲೆ ಬೆಳಗಿನವರೆಗೆ ಊಟ ಇಲ್ಲ ಅಂತ ಡಾಕ್ಟರ ಹತ್ತಿರ ಖಚಿತ ಮಾಡಿಕೊಂಡು ಚಾರ್ಟ್‌ನಲ್ಲಿ ಗಂಟೆ ಸಮೇತ ಬರೆಸಿ. ಸಿರಪ್ ರೂಪದಲ್ಲಿದ್ದರೆ ಬಾಟಲಿ ಚೆನ್ನಾಗಿ ಕುಲುಕಬೇಕು. ಇಲ್ಲದಿದ್ದರೆ ಮೇಲಿನದು ತೆಳು, ತಳದ್ದು ಗಟ್ಟಿ ಆಗಿ ಡೋಸ್ ದಿನಕ್ಕೊಂದು ಥರ ಆಗುತ್ತದೆ. ಕೊಟ್ಟ ಮೇಲೆ ಟ್ಯೂಬಿಗೆ ನೀರು ಬಿಡಬೇಕು. ರಾತ್ರಿ ಉದ್ದಕ್ಕೂ ಊಟ ಇಲ್ಲ ಅಂದಮೇಲೆ ರಾತ್ರಿಯ ಇನ್ಸುಲಿನ್ ಎಷ್ಟು ಅನ್ನೋದನ್ನೂ ಅದೇ ಫೋನಿನಲ್ಲಿ ಡಾಕ್ಟರಿಗೆ ಕೇಳಿ.